ಕರಾವಳಿ ಕಥೊಲಿಕರ ಭಾನುವಾರ: ಪೂಜೆಯ ರೂಪ, ವಾಳೆಯ ಬೇರು

ಮಂಗಳೂರು, ಉಡುಪಿ ಕಡೆಯ ಕಥೊಲಿಕ ಇಗರ್ಜಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಎರಡು ಕೆಲಸ ನಡೆಯುತ್ತವೆ. ಒಳಗೆ ಕೊಂಕಣಿಯಲ್ಲಿ ಬಲಿಪೂಜೆ, ಪ್ರಬೋಧನೆ, ಸಾಲುಗಟ್ಟಿ ಪರಮಪ್ರಸಾದ ಸ್ವೀಕಾರ. ಅದು ಮುಗಿದ ಮೇಲೆ ಅಂಗಳದಲ್ಲಿ ಗುರಿಕಾರರ ಮಾತುಕತೆ, ವಂತಿಗೆಯ ಲೆಕ್ಕ, ಹರಕೆಯ ತರಕಾರಿಯ ಏಲಂ, ಮಕ್ಕಳ ಧರ್ಮಶಿಕ್ಷಣ. ಒಳಗಿನದು ಅನಾದಿಯಿಂದ ಬಂದದ್ದು, ಹೊರಗಿನದು ಅದಕ್ಕೆ ಆಮೇಲೆ ಅಂಟಿಕೊಂಡದ್ದು ಎಂಬ ಭಾವನೆ ಭಕ್ತರಲ್ಲೂ ಇದೆ, ಬರೆದವರಲ್ಲೂ ಇದೆ. ಚರಿತ್ರೆಯನ್ನು ನೋಡಿದರೆ ಕ್ರಮ ಬಹುಮಟ್ಟಿಗೆ ತಿರುವುಮುರುವು. ಬಲಿಪೂಜೆಯ ತಿರುಳು ಹಳೆಯದು, ಆ ಬಗ್ಗೆ ತಕರಾರಿಲ್ಲ. ಆದರೆ ಜನ ಅದರಲ್ಲಿ ಪಾಲ್ಗೊಳ್ಳುವ ಇಂದಿನ ರೀತಿ 20ನೆಯ ಶತಮಾನದ್ದು. ಅಂಗಳದ ವ್ಯವಸ್ಥೆಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ಈ ಸಮುದಾಯ ಕರಾವಳಿಗೆ ಬಂದ ಬಗೆಯಿಂದಲೇ ಶುರುಮಾಡಬೇಕು. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ನೆಲೆ ಮಾಡಿಕೊಂಡಾಗ ರೊಜಾರಿಯೊ ಇಗರ್ಜಿ ಹುಟ್ಟಿತು. ಆದರೆ ಕ್ರೈಸ್ತರ ದೊಡ್ಡ ಸಂಖ್ಯೆ ಬಂದದ್ದು ಗೋವೆಯಿಂದ, ಅದೂ ಒಂದೇ ಸಲಕ್ಕಲ್ಲ. 1560ರಲ್ಲಿ ಅಲ್ಲಿ ಆರಂಭವಾದ ಇನ್ಕ್ವಿಸಿಷನ್, ಬರಗಾಲ, ತೆರಿಗೆ, 1683ರ ಮರಾಠರ ದಾಳಿ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಅಲೆ. ಬಂದವರಿಗೆ ಕೆಳದಿಯ ಅರಸರು ಉಳುವ ಭೂಮಿ ಕೊಟ್ಟರು. 1678ರ ಕೆಳದಿ–ಪೋರ್ಚುಗೀಸ್ ಒಪ್ಪಂದ ಇಗರ್ಜಿ ಕಟ್ಟಲು ದಾರಿ ಮಾಡಿತು. ಕಲ್ಯಾಣಪುರದ ಮಿಲಾಗ್ರಿಸ್ ಆ ವರ್ಷದ್ದು. ಮಂಗಳೂರಿನ ಮಿಲಾಗ್ರಿಸ್ ಕಟ್ಟಿಸಿದ್ದು 1680ರಲ್ಲಿ, ಬಿಷಪ್ ತೋಮಸ್ ದ ಕಾಸ್ತ್ರೊ. ಅವರು ಗೋವೆಯ ಕೊಂಕಣಿ ಮನೆತನದವರು, ರೋಮ್ ನೇರವಾಗಿ ನೇಮಿಸಿದ ಅಧಿಕಾರಿ. ಗೋವೆಯ ಆರ್ಚ್‌ಬಿಷಪ್‌ಗೂ ರೋಮಿನ ಪ್ರತಿನಿಧಿಗಳಿಗೂ ಆಗಲೇ ಸುರುವಾದ ಅಧಿಕಾರದ ಜಗ್ಗಾಟ 1886ರ ಒಡಂಬಡಿಕೆಯವರೆಗೂ ಎಳೆಯಿತು. ಆ ಕಥೆ ಈಗಾಗಲೇ ಬೇಕಾದಷ್ಟು ಬರೆಯಲ್ಪಟ್ಟಿದೆ. ಇಲ್ಲಿ ಅದರ ಅಗತ್ಯವಿಲ್ಲ.

ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು ಕರಾವಳಿಯ ನೆಲ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗೆ ಮನೆ ತಾಗಿಕೊಂಡಿರುವುದಿಲ್ಲ. ಗದ್ದೆಯ ಅಂಚಿಗೊಂದು ಮನೆ, ಗುಡ್ಡದ ಆಚೆ ಇನ್ನೊಂದು, ನಡುವೆ ತೋಡು, ಸಂಕ, ಮಳೆಗಾಲದ ನಾಲ್ಕು ತಿಂಗಳು. ಹೀಗೆ ಚದುರಿ ಕೂತವರನ್ನು ಒಂದೇ ಗಂಟೆಯ ಸದ್ದಿಗೆ ಕಟ್ಟಿಹಾಕುವುದು ಸುಲಭವಲ್ಲ. ಆದ್ದರಿಂದ ಧರ್ಮಕೇಂದ್ರವನ್ನು ವಾಳೆಗಳಾಗಿ ಹಂಚಿಕೊಂಡರು; ಒಂದೊಂದು ವಾಳೆಗೂ ಒಬ್ಬ ಗುರಿಕಾರ. ಸತ್ತ ಸುದ್ದಿ ಮೊದಲು ಮುಟ್ಟಬೇಕಾದದ್ದು ಅವನಿಗೆ. ಇಗರ್ಜಿಗೆ ಸಲ್ಲಬೇಕಾದ ಪಾಲು ಎತ್ತುವವನು ಅವನೇ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ಅವನಿಗೆ ಮರ್ಯಾದೆಯ ಕರೆ ಹೋಗಬೇಕು. ಗಡಿಯ ಬೇಲಿ, ಅಣ್ಣತಮ್ಮಂದಿರ ಪಾಲು, ಕುಡಿತದ ಜಗಳ ಪಾದ್ರಿಯವರೆಗೆ ಹೋಗುವ ಮೊದಲು ಅವನ ಜಗಲಿಯಲ್ಲಿ ಒಂದು ಸುತ್ತು ಆಗುತ್ತಿತ್ತು. ಊರ ಗುತ್ತಿನವರು, ಜಾತಿಯ ಗುರಿಕಾರರು ಇದ್ದ ತುಳುನಾಡಿನಲ್ಲಿ ಈ ಹುದ್ದೆ ಯಾರಿಗೂ ಅಪರಿಚಿತವಾಗಿ ಕಂಡಿರಲಾರದು. ಗೋವೆಯ ಗಾಂವ್ಕಾರಿ ಎಂಬ ಊರಾಡಳಿತದ ನೆನಪೂ ತುಳುನಾಡಿನ ಪದ್ಧತಿಯೂ ಇಲ್ಲಿ ಬೆರೆತಿವೆ ಎಂದು ನನ್ನ ಊಹೆ.

ಈ ವ್ಯವಸ್ಥೆಯ ಬಲ ಪರೀಕ್ಷೆಗೆ ಬಂದದ್ದು 1784ರಲ್ಲಿ. ಆ ವರ್ಷ ಫೆಬ್ರವರಿ ಕೊನೆಗೆ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸೆರೆಯಾದವರ ಸಂಖ್ಯೆ 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳಲ್ಪಟ್ಟಿದೆ. ಯಾವುದನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ರಾಜ್ಯದಿಂದ ಹೊರಹಾಕಲಾಯಿತು. 1799ರಲ್ಲಿ ಟಿಪ್ಪು ಅಳಿಯುವವರೆಗೆ, ಹದಿನೈದು ವರ್ಷ, ಆ ಜನಕ್ಕೆ ಕ್ರಮವಾದ ಭಾನುವಾರದ ಪೂಜೆ ಇರಲಿಲ್ಲ. ಆದರೂ ಮರಳಿ ಬಂದವರು ಹಳೆಯ ಸ್ಥಳಗಳಿಗೇ ಬಂದರು, ಹಳೆಯ ಇಗರ್ಜಿಗಳ ಜಾಗದಲ್ಲೇ ಮತ್ತೆ ಕಟ್ಟಿದರು. ಪೂಜೆಯೇ ಸಮುದಾಯದ ಏಕೈಕ ಬಂಧನವಾಗಿದ್ದಿದ್ದರೆ ಇದು ಆಗುತ್ತಿರಲಿಲ್ಲ. ಮನೆಯ ಸಂಜೆಯ ತೇರ್ಸ್ ಎಂಬ ಜಪಸರ ಪ್ರಾರ್ಥನೆ, ಹಿರಿಯರ ಮುಂದೆ ಕೈಮುಗಿದು ಕೇಳುವ ಆಶೀರ್ವಾದ, ನೆಂಟಸ್ತಿಕೆ, ವಾಳೆ, ಇವು ಪಾದ್ರಿ ಇಲ್ಲದೆಯೂ ನಡೆಯಬಲ್ಲವು. ಹಾಗೆ ನೋಡಿದರೆ ಕರಾವಳಿಯ ಧರ್ಮಕೇಂದ್ರ 1799ರ ನಂತರ ಕೆಳಗಿನಿಂದ ಮೇಲಕ್ಕೆ ಮತ್ತೆ ಕಟ್ಟಲ್ಪಟ್ಟದ್ದು.

ಇನ್ನು ಒಳಗಿನ ಪೂಜೆಯ ಕಡೆಗೆ. 19ನೆಯ ಶತಮಾನದ ಭಾನುವಾರವನ್ನು ಇಂದಿನ ಕಣ್ಣಿನಿಂದ ಕಲ್ಪಿಸಿಕೊಂಡರೆ ತಪ್ಪುತ್ತೇವೆ. ಪಾದ್ರಿ ಜನರಿಗೆ ಬೆನ್ನು ಮಾಡಿ ಪೀಠದ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ, ಬಹುಭಾಗ ಮೆಲುದನಿಯಲ್ಲಿ, ಪೂಜೆ ನಡೆಸುತ್ತಿದ್ದರು. ಗಂಡಸರು ಒಂದು ಬದಿ, ತಲೆಗೆ ಮುಸುಕು ಹೊದ್ದ ಹೆಂಗಸರು ಇನ್ನೊಂದು ಬದಿ. ಪೂಜೆ ಅದರ ಪಾಡಿಗೆ ನಡೆಯುತ್ತಿರುವಾಗ ಬಹಳ ಮಂದಿ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಅದನ್ನು ಯಾರೂ ಅನಾದರ ಎಂದು ಭಾವಿಸುತ್ತಿರಲಿಲ್ಲ. ಕೆಲವೆಡೆ ಅದೇ ರೂಢಿ. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ ಪರಮಪ್ರಸಾದದ್ದು. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆ, ಪಾಸ್ಖದ ಹೊತ್ತಿಗೆ, ಪರಮಪ್ರಸಾದ ಸ್ವೀಕರಿಸಲೇಬೇಕೆಂದು ವಿಧಿಸಿತ್ತು. ವಿಧಿ ಹಾಕಿದ್ದು ಕನಿಷ್ಠ ಮಿತಿಯಾಗಿ, ಆದರೆ ಲೋಕದ ಎಲ್ಲ ಕಡೆ ಸಾಮಾನ್ಯ ಭಕ್ತರಿಗೆ ಅದೇ ಹೆಚ್ಚುಕಡಿಮೆ ವಾಡಿಕೆಯಾಯಿತು. ವರ್ಷದಲ್ಲಿ ನಾಲ್ಕಾರು ದೊಡ್ಡ ಹಬ್ಬ ಸೇರಿದರೆ ಹೆಚ್ಚು. ವಾರವಾರವೂ ಪ್ರಸಾದ ಎಂಬ ನಡೆ 1905ರಲ್ಲಿ ಹತ್ತನೆಯ ಪಿಯುಸ್ ಪೋಪರು ಆಗಾಗ ಸ್ವೀಕರಿಸುವಂತೆ ಒತ್ತಾಯಿಸಿದ ಮೇಲೆ ಬಂದದ್ದು. ಏಳು ವರ್ಷದ ಆಸುಪಾಸಿನ ಮಕ್ಕಳಿಗೆ ಪ್ರಥಮ ಪರಮಪ್ರಸಾದ ಎಂಬ, ಇಂದು ಪ್ರತಿ ಮನೆಯ ಆಲ್ಬಮ್ಮಿನಲ್ಲಿರುವ ಬಿಳಿ ಉಡುಪಿನ ಸಂಭ್ರಮಕ್ಕೂ ಅವರದೇ 1910ರ ಆದೇಶ ಮೂಲ.

ಗಡಿಯಾರವನ್ನೂ ನೋಡಬೇಕು. ಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಹಾಗಾಗಿ ಪೂಜೆ ಬೆಳಗಿನ ಹೊತ್ತಿನದೇ ಆಗಬೇಕಿತ್ತು. ದೂರದ ವಾಳೆಯವರು ಸೂಟೆ ಹಿಡಿದು ಕತ್ತಲಲ್ಲೇ ಹೊರಡಬೇಕಿತ್ತು. 1953ರಲ್ಲಿ ಹನ್ನೆರಡನೆಯ ಪಿಯುಸ್ ನೀರಿಗೆ ಅನುಮತಿ ಕೊಟ್ಟರು, ಸಂಜೆಯ ಪೂಜೆಗೂ ದಾರಿ ತೆರೆದರು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಶನಿವಾರ ಸಂಜೆಯ ಪೂಜೆಯನ್ನೇ ಭಾನುವಾರದ ಕರ್ತವ್ಯಕ್ಕೆ ಎಣಿಸಬಹುದು ಎಂಬ ಅನುಕೂಲ ಸಾರ್ವತ್ರಿಕ ನಿಯಮದಲ್ಲಿ ಕಾಣಿಸಿಕೊಂಡದ್ದು 1967ರಲ್ಲಿ. ಪೇಟೆಯ ಇಗರ್ಜಿಗಳಲ್ಲಿ ಇಂದು ಶನಿವಾರ ಸಂಜೆಗೆ ತುಂಬುವ ಬೆಂಚುಗಳ ಹಿಂದೆ ಇಷ್ಟು ಕಾಗದಪತ್ರವಿದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಸಂವಿಧಾನವನ್ನು ಅಂಗೀಕರಿಸಿತು. ಅದರ ಮುಂದಿನ ವರ್ಷಗಳಲ್ಲಿ ಜನರ ಭಾಷೆ ಪೀಠಕ್ಕೆ ಬಂತು. 1969ರ ಕೊನೆಗೆ ಆರನೆಯ ಪೌಲರ ಹೊಸ ಪೂಜಾವಿಧಿ ಜಾರಿಯಾಯಿತು. ಮಂಗಳೂರಿಗೆ ಈ ಬದಲಾವಣೆ ಬರಿಗೈಯಲ್ಲಿ ಬರಲಿಲ್ಲ. 1878ರ ಕೊನೆಯ ದಿನ ಬಂದಿಳಿದ ಇಟಲಿಯ ಜೆಸುಯಿಟರಲ್ಲಿ ಒಬ್ಬರಾದ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದಿದ್ದರು. 1912ರಲ್ಲಿ ಲೂವಿಸ್ ಮಸ್ಕರೇನ್ಹಸ್ ‘ಕೊಂಕ್ಣಿ ದಿರ್ವೆಂ’ ಆರಂಭಿಸಿದರು. 1938ರಿಂದ ‘ರಾಕ್ಣೊ’ ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯನ್ನು ಮನೆಮನೆಗೆ ಮುಟ್ಟಿಸಿತ್ತು. ಪೂಜೆ ಲ್ಯಾಟಿನ್ ಬಿಟ್ಟಾಗ ಯಾವ ಭಾಷೆ, ಯಾವ ಲಿಪಿ ಎಂಬ ಪ್ರಶ್ನೆಗೆ ಮಂಗಳೂರಿನಲ್ಲಿ ಉತ್ತರ ಸಿದ್ಧವಿತ್ತು. ಬೆಂಗಳೂರಿನಲ್ಲಿ ಅದೇ ಪ್ರಶ್ನೆ ಕನ್ನಡ, ತಮಿಳು, ಇಂಗ್ಲಿಷ್‌ಗಳ ನಡುವೆ ದಶಕಗಳ ಕಹಿಯಾಗಿ ಬೆಳೆದದ್ದನ್ನು ನೆನೆದರೆ ಇದು ಸಣ್ಣ ಅನುಕೂಲವಲ್ಲ. ಆದರೆ ಮಂಗಳೂರಿಗೂ ಅದು ತೆತ್ತು ಪಡೆದ ಅನುಕೂಲ: ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಕಥೊಲಿಕರು ಕೊಂಕಣಿ ಇಗರ್ಜಿಯಲ್ಲಿ ಬಹುಕಾಲ ಹೊರಗಿನವರಂತೆಯೇ ಕುಳಿತರು.

ಪೂಜೆಯ ಬಾಗಿಲಿಗೂ ಅಂಗಳಕ್ಕೂ ನಡುವಿನ ಕೊಂಡಿ ಪ್ರಕಟಣೆ. ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಗಳನ್ನು ಮೂರು ಹಬ್ಬದ ದಿನ ಪೂಜೆಯ ಹೊತ್ತಿನಲ್ಲಿ ಸಾರಬೇಕು, ಪುಸ್ತಕದಲ್ಲಿ ಬರೆದಿಡಬೇಕು ಎಂದು ವಿಧಿಸಿದಾಗ ಭಾನುವಾರ ಊರಿನ ನೋಂದಣಿ ಕಚೇರಿಯೂ ಆಯಿತು. ಯಾರ ಮಗಳು, ಯಾರ ಮಗ, ಅಡ್ಡಿ ಇದ್ದವರು ತಿಳಿಸಿ ಎಂಬ ಸಾರುವಿಕೆಗೆ ಕಿವಿಗೊಟ್ಟಷ್ಟು ಜನ ಪ್ರಬೋಧನೆಗೆ ಕಿವಿಗೊಟ್ಟಿದ್ದಾರೋ ಎಂದು ಹೇಳುವುದು ಕಷ್ಟ. ಏಲಂ ಕೂಡ ಹೀಗೆಯೇ ಎರಡೂ ಕಡೆ ಕಾಲಿಟ್ಟದ್ದು. ಮೊದಲ ಬಾಳೆಗೊನೆ, ಗುಳ್ಳ ಬದನೆ, ಹರಕೆಯ ಊರಕೋಳಿ ಇಗರ್ಜಿಗೆ ಬರುತ್ತವೆ; ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಹರಾಜು. ಪೇಟೆಯಲ್ಲಿ ಸಿಗುವ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿಗೆ ಕೂಗಿ ಒಯ್ಯುತ್ತಾರೆ. ಬೆಳೆದವನಿಗೆ ಹರಕೆ ತೀರಿತು, ಕೂಗಿದವನಿಗೆ ಹೆಸರಾಯಿತು, ಇಗರ್ಜಿಗೆ ಕಾಸಾಯಿತು.

ಹೆಸರಿನ ಮಾತು ಬಂದದ್ದರಿಂದ ಕೊಂಪ್ರಿಯನ್ನು ಬಿಡುವಂತಿಲ್ಲ. ಗೋವೆಯಿಂದ ಬಂದ ಈ ಭ್ರಾತೃಸಂಘಗಳು ಇಗರ್ಜಿಯ ಹಬ್ಬ, ಮೆರವಣಿಗೆ, ಶವಸಂಸ್ಕಾರದ ವೆಚ್ಚ ಹೊತ್ತವು. ವಾರ್ಷಿಕ ಹಬ್ಬಕ್ಕೆ ಮೊದಲು ಬರುವ ಕೊಂಪ್ರಿಯ ಭಾನುವಾರ, ಅಂದಿನ ಪರಮಪ್ರಸಾದದ ಮೆರವಣಿಗೆ ಇಂದಿಗೂ ಉಳಿದಿವೆ. ಹಬ್ಬದ ವೆಚ್ಚ ಹೊತ್ತವರಿಗೆ ಬಲಿಪೂಜೆಯಲ್ಲಿ ಮೇಣದ ಬತ್ತಿ ಕೊಟ್ಟು ಗೌರವಿಸುವ ಪದ್ಧತಿಯೂ ಉಳಿದಿದೆ. ಇದರ ಇನ್ನೊಂದು ಮುಖವನ್ನು ಸಮುದಾಯದ ಚರಿತ್ರಕಾರರು ಬೇಗ ದಾಟಿಬಿಡುತ್ತಾರೆ. ಗೋವೆಯಲ್ಲಿ ಕೊಂಪ್ರಿಗಳು ಜಾತಿಯ ಮೇಲೆ ಹಂಚಿಹೋಗಿದ್ದವು. ಕರಾವಳಿಗೆ ಬಂದವರೂ ಬಾಮೊಣ್, ಚಾರೊಡಿ, ಸುದಿರ್ ಎಂಬ ಹೆಸರುಗಳನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದರು. ಮದುವೆಯ ಮಾತಿನಲ್ಲಿ ಅವು ಇನ್ನೂ ಸತ್ತಿಲ್ಲ. ಒಂದೇ ರೊಟ್ಟಿಯಲ್ಲಿ ಪಾಲು ಎಂದು ಪೀಠದಿಂದ ಕೇಳಿದವರು ಅಂಗಳಕ್ಕೆ ಬಂದೊಡನೆ ಬೇರೆ ಲೆಕ್ಕ ಹಾಕಿದ್ದಾರೆ. ಸಮುದಾಯವನ್ನು ಉಳಿಸಿದ್ದು ಅಂಗಳ ಎಂದು ನಾನು ವಾದಿಸುತ್ತಿರುವುದರಿಂದ, ಅಂಗಳ ಉಳಿಸಿದ್ದೆಲ್ಲ ಒಳ್ಳೆಯದಲ್ಲ ಎಂಬುದನ್ನೂ ಹೇಳಲೇಬೇಕು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಒಳಗು–ಹೊರಗು ಒಂದಾಗುತ್ತವೆ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಇದನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಅಕ್ಕಿ ಪುಡಿ ಹಾಲಿನಲ್ಲೋ ಪಾಯಸದಲ್ಲೋ ಸೇರುತ್ತದೆ, ಊಟ ಅಂದು ಪೂರ್ತಿ ಸಸ್ಯಾಹಾರ. ಮಾತೆಯ ಜನ್ಮದಿನದ ರೋಮನ್ ಹಬ್ಬ ತುಳುನಾಡಿನ ಹೊಸ ಅಕ್ಕಿ ಊಟದ ಜತೆ ಸೇರಿಕೊಂಡ ರೀತಿಗೆ ಬೇರೆ ವಿವರಣೆ ಬೇಡ.

1983ರ ಧರ್ಮಸಭಾ ಕಾನೂನು ಸಂಹಿತೆ ಧರ್ಮಕೇಂದ್ರದಲ್ಲಿ ಪಾಲನಾ ಮಂಡಳಿಗೆ ಅವಕಾಶ ಮಾಡಿತು, ಹಣಕಾಸು ಮಂಡಳಿಯನ್ನು ಕಡ್ಡಾಯ ಮಾಡಿತು. ಭಕ್ತವರ್ಗಕ್ಕೆ ಮೊದಲ ಬಾರಿ ದನಿ ಸಿಕ್ಕಿತು ಎಂದು ಆಗ ಹೇಳಿದವರಿದ್ದಾರೆ. ಕರಾವಳಿಯ ಮಟ್ಟಿಗೆ ಈ ಮಾತು ನಿಲ್ಲದು. ಗುರಿಕಾರರು ಇಲ್ಲಿ ಮೊದಲಿನಿಂದಲೂ ಇದ್ದರು. 1912ರಲ್ಲೇ ಇಲ್ಲಿನ ಭಕ್ತವರ್ಗ ಮಂಗಳೂರು ಕಥೊಲಿಕ ಸಹಕಾರಿ ಬ್ಯಾಂಕ್ ಕಟ್ಟಿತ್ತು. ಮಂಡಳಿ ಬಂದಾಗ ಆದದ್ದು ಇಷ್ಟು: ಮನೆತನದ ಬಲದಿಂದ ನಡೆಯುತ್ತಿದ್ದ ಹುದ್ದೆಗೆ ಚುನಾವಣೆ, ಅವಧಿ, ನಡವಳಿ ಪುಸ್ತಕ ಬಂದವು, ಹೆಂಗಸರೂ ಗುರಿಕಾರರಾದರು. ಇದು ಸಣ್ಣದಲ್ಲ, ಹೊಸ ಹುಟ್ಟೂ ಅಲ್ಲ.

ಮುಂಬಯಿ, ಆಮೇಲೆ ಕೊಲ್ಲಿ ದೇಶಗಳು ವಾಳೆಗಳನ್ನು ಅರ್ಧ ಖಾಲಿ ಮಾಡಿವೆ. 1974ರ ಭೂಸುಧಾರಣೆ ಗೇಣಿದಾರ–ಧಣಿಯರ ಹಳೆಯ ನಂಟನ್ನು ಕಡಿದು ಗುರಿಕಾರನ ಆರ್ಥಿಕ ಬಲವನ್ನು ತೆಗೆಯಿತು. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯವಾಯಿತು. 2020ರ ಮಾರ್ಚಿನಲ್ಲಿ ಇಗರ್ಜಿಗಳು ಮುಚ್ಚಿ ಪೂಜೆ ಮೊಬೈಲಿನ ತೆರೆಗೆ ಬಂದಾಗ ಪೂಜೆ ಮನೆಗೆ ತಲುಪಿತು, ಅಂಗಳ ತಲುಪಲಿಲ್ಲ.

ಸಂಶೋಧಕರಿಗೆ ಇಲ್ಲಿ ಒಂದು ಪ್ರಾಯೋಗಿಕ ತೊಡಕಿದೆ. ಜ್ಞಾನಸ್ನಾನ, ಮದುವೆ, ಮರಣಗಳ ದಫ್ತರವನ್ನು ಧರ್ಮಸಭೆಯ ಕಾನೂನೇ ಕಾಯುತ್ತದೆ. ಗುರಿಕಾರರ ವಂತಿಗೆ ಪುಸ್ತಕ, ಏಲಂನ ಲೆಕ್ಕ, ಕೊಂಪ್ರಿಯ ಸದಸ್ಯರ ಪಟ್ಟಿ, ವಾಳೆಯ ರಾಜಿಪತ್ರ ಇವನ್ನು ಯಾವ ಕಾನೂನೂ ಕಾಯುವುದಿಲ್ಲ. ಅವು ಮನೆಗಳ ಪೆಟ್ಟಿಗೆಗಳಲ್ಲಿವೆ. ಹಳೆಯ ಮನೆ ಕೆಡವಿ ಹೊಸತು ಕಟ್ಟುವ ಮುನ್ನ ಅಂಥ ಪುಸ್ತಕ ಸಿಕ್ಕಿದವರು ಅದನ್ನು ಗುಜರಿಗೆ ಹಾಕದೆ ತಮ್ಮ ಧರ್ಮಕೇಂದ್ರದ ಕಚೇರಿಗೆ ಕೊಡಲಿ, ಕಚೇರಿಯವರು ದಫ್ತರದ ಕಪಾಟಿನಲ್ಲೇ ಅದಕ್ಕೂ ಜಾಗ ಮಾಡಲಿ.