ಮೇಣೆಯ ಬಾಡಿಗೆ ಯಾರ ಲೆಕ್ಕಕ್ಕೆ?

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅಷ್ಟು ದೂರದ ಹಾರಾಟಕ್ಕೆ ಅವು ತಮ್ಮ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಬೇಕು. ಬೇರೆ ಯಾರೂ ಅವುಗಳ ಖರ್ಚು ಕೊಡುವುದಿಲ್ಲ. ಮನುಷ್ಯರ ದೂರಪ್ರಯಾಣದ ಲೆಕ್ಕ ಹಾಗಿಲ್ಲ. ಹೋಗುವವನು ಒಬ್ಬ, ಅವನು ಸುಖವಾಗಿ ಹೋಗುವ ಖರ್ಚನ್ನು ಹೊರುವವನು ಇನ್ನೊಬ್ಬ. ಬೆಂಗಳೂರಿನಿಂದ ಅಮೆರಿಕಕ್ಕೆ ಕಾಲು ಚಾಚಿ ಮಲಗಿ ಹೋಗುವ ಸೀಟು ಮಧ್ಯಮ ವರ್ಗದವರ ಕೈಗೆಟಕೀತೇ ಎಂಬ ಪ್ರಶ್ನೆ ಈಗ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿದೆ. ಸಂಬಳ ಎಷ್ಟು, ಟಿಕೆಟ್ ಎಷ್ಟು ಎಂದು ಕೂಡಿ ಕಳೆದು ಉತ್ತರ ಹುಡುಕುತ್ತೇವೆ. ಆದರೆ ಆ ಸೀಟಿನ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ದೂರದಾರಿಯ ಮೆತ್ತನೆಯ ಜಾಗವನ್ನು ಅದರಲ್ಲಿ ಕೂತವರೇ ಸ್ವಂತ ದುಡ್ಡಿನಿಂದ ಕೊಂಡದ್ದು ಬಹಳ ಕಡಿಮೆ. ಅದರ ಬಾಡಿಗೆ ಯಾವಾಗಲೂ ಇನ್ನೊಂದು ಲೆಕ್ಕಕ್ಕೆ ಬಿದ್ದಿದೆ. ಆ ಲೆಕ್ಕ ಯಾವುದೆಂದು ತಿಳಿಯಲು ಬೋನಾಳ ಕೆರೆಯ ಏರಿಗಿಂತ ಒಳ್ಳೆಯ ಜಾಗ ಸಿಗಲಾರದು.

ಈ ಕೆರೆಯನ್ನು 17ನೆಯ ಶತಮಾನದಲ್ಲಿ ಕಟ್ಟಿಸಿದವನು ಸುರಪುರದ ಬೇಡ ನಾಯಕ ಅರಸರ ಮನೆತನದ ಪಾಮ ನಾಯಕ. ಮುಂದೆ 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಇದನ್ನು ಸುಧಾರಿಸಿದನೆಂದು ಇಲ್ಲಿನ ಚರಿತ್ರೆ ನೆನೆಯುತ್ತದೆ. ಕೃಷ್ಣಾ ಭೀಮಾ ನದಿಗಳ ನಡುವಿನ ಈ ಒಣ ಸೀಮೆಯಲ್ಲಿ ಕೆರೆ ಎಂದರೆ ಬರೀ ನೀರಲ್ಲ, ಕಂದಾಯ. ಕೆರೆ ತುಂಬಿದ ವರ್ಷ ಕೆಳಗಿನ ಗದ್ದೆಯಲ್ಲಿ ಭತ್ತ, ಭತ್ತದಿಂದ ಸಂಸ್ಥಾನದ ಬೊಕ್ಕಸಕ್ಕೆ ಹಣ, ಆ ಹಣದಿಂದ ಸಿಪಾಯಿಗಳ ಸಂಬಳ, ನಿಜಾಮನಿಗೆ ಕಟ್ಟುವ ಕಪ್ಪ, ದೊಡ್ಡವರು ಓಡಾಡುವ ಮೇಣೆ ಪಲ್ಲಕ್ಕಿಗಳ ಖರ್ಚು. ಟೇಲರ್ ಹದಿಹರೆಯದಲ್ಲಿ, 1824ರಲ್ಲಿ, ಮುಂಬಯಿಗೆ ಬಂದು ಇಳಿದವನು. ನಿಜಾಮನ ಸೈನ್ಯದಲ್ಲಿ ಸೇರಿ, ರಾಜ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸುರಪುರದ ಆಡಳಿತ ನೋಡಿಕೊಂಡವನು. ಅವನ ಕಾಲದ ಅಧಿಕಾರಿಯೊಬ್ಬ ಇಲ್ಲಿಂದ ಹೈದರಾಬಾದಿಗೋ ಮುಂಬಯಿಗೋ ಹೊರಟರೆ ಕುದುರೆ ಇತ್ತು, ಇಲ್ಲವಾದರೆ ಮೇಣೆ. ಮೇಣೆಯ ಡಾಕ್ ವ್ಯವಸ್ಥೆಯಲ್ಲಿ ಮೊದಲೇ ಟಪಾಲು ಕಚೇರಿಗೆ ತಿಳಿಸಬೇಕು. ದಾರಿಯುದ್ದಕ್ಕೂ ಸುಮಾರು ಹತ್ತು ಮೈಲಿಗೊಂದು ತಂಡ ಕಾದಿರುತ್ತಿತ್ತು. ಒಂದು ತಂಡಕ್ಕೆ ಸಾಮಾನ್ಯವಾಗಿ ಎಂಟು ಮಂದಿ ಭೋಯಿಗಳು, ನಾಲ್ವರು ಹೊತ್ತರೆ ನಾಲ್ವರು ಪಕ್ಕದಲ್ಲಿ ಓಡುತ್ತ ಹೆಗಲು ಬದಲಿಸಲು ಸಿದ್ಧ. ಮುಂದೆ ಪಂಜು ಹಿಡಿದ ಮಶಾಲ್ಚಿ, ಹಿಂದೆ ಕಾವಡಿಯಲ್ಲಿ ಸಾಮಾನು ಹೊತ್ತವರು. ಬಿಸಿಲಿಗೆ ಅಂಜಿ ಪ್ರಯಾಣ ಹೆಚ್ಚಾಗಿ ರಾತ್ರಿ. ಗಂಟೆಗೆ ಮೂರು ನಾಲ್ಕು ಮೈಲಿ. ಒಳಗಿದ್ದವನು ಹಾಸಿಗೆ ಬಿಚ್ಚಿ ಉದ್ದಕ್ಕೆ ಮಲಗಬಹುದಿತ್ತು. ಬ್ರಿಟಿಷ್ ಏರ್‌ವೇಸ್ ತನ್ನ ಬಿಸಿನೆಸ್ ಕ್ಲಾಸಿಗೆ ಪೂರ್ತಿ ಮಲಗುವ ಹಾಸಿಗೆ ತಂದದ್ದು 2000ದಲ್ಲಿ. ಸುರಪುರದ ದಾರಿಯಲ್ಲಿ ಆ ಸೌಕರ್ಯ ಅದಕ್ಕಿಂತ ಸುಮಾರು ನೂರೈವತ್ತು ವರ್ಷ ಹಳೆಯದು. ಅದರ ಬೆಲೆಯನ್ನು ಭೋಯಿಯ ಹೆಗಲಿನ ಮೇಲಿನ ಗಡ್ಡೆ ಹೇಳುತ್ತಿತ್ತು. ಭೋಯಿಗೆ ಕೂಲಿ ಸಿಗುತ್ತಿತ್ತು, ನಿಜ. ಆ ಕೂಲಿಯ ಬೇರು ಮಾತ್ರ ಒಳಗೆ ಮಲಗಿದವನ ದುಡಿಮೆಯಲ್ಲಿ ಇರಲಿಲ್ಲ. ಬೋನಾಳದಂಥ ಕೆರೆಗಳ ಕೆಳಗೆ ಕೆಸರು ತುಳಿದವರ ಬೆಳೆಯಲ್ಲಿತ್ತು.

ಅನುಕೂಲವಿದ್ದ ಸಾಹುಕಾರರು ಸ್ವಂತ ಹಣದಿಂದ ಮೇಣೆ ಇಟ್ಟುಕೊಂಡಿರಲಿಲ್ಲವೇ ಎಂದು ಕೇಳಬಹುದು. ಕೆಲವರು ಇಟ್ಟುಕೊಂಡಿದ್ದರು. ಆದರೆ ಈ ನಾಡಿನಲ್ಲಿ ಪಲ್ಲಕ್ಕಿ ಹಣವಿದ್ದವನೆಲ್ಲ ಕೊಂಡು ಏರಬಹುದಾದ ಸರಕಾಗಿರಲಿಲ್ಲ. ಅದೊಂದು ಮರ್ಯಾದೆ, ಮೇಲಿನವರು ದಯಪಾಲಿಸುವ ಬಿರುದು. ಮೊಗಲರ ಆಡಳಿತದಲ್ಲಿ, ಅದರ ಜಾಡು ಹಿಡಿದ ಹೈದರಾಬಾದಿನಲ್ಲಿ, ಝಾಲರು ಇಳಿಬಿಟ್ಟ ಪಾಲಕಿಯನ್ನು ಗೌರವವಾಗಿ ಕೊಡುವ ಪದ್ಧತಿ ಇತ್ತು. ವೀರಶೈವ ಪಂಚಪೀಠಗಳ ಜಗದ್ಗುರುಗಳ ಅಡ್ಡಪಲ್ಲಕ್ಕಿ ಇನ್ನೂ ಸ್ಪಷ್ಟವಾದ ಸಾಕ್ಷಿ. ಉದ್ದಕ್ಕೆ ಹಿಡಿಯದೆ ದಾರಿಗೆ ಅಡ್ಡಲಾಗಿ ಹೊರುವ ಈ ಪಲ್ಲಕ್ಕಿಯ ಹಕ್ಕಿಗಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಜಗಳಗಳಾಗಿವೆ, ವ್ಯಾಜ್ಯಗಳು ನಡೆದಿವೆ. ದುಡ್ಡಿನಿಂದ ತೀರುವ ವಿಷಯವಾಗಿದ್ದರೆ ಅಷ್ಟು ಕಾವು ಏಳುತ್ತಿರಲಿಲ್ಲ. ಇಂದಿನ ಸರ್ಕಾರಿ ಪ್ರಯಾಣ ಭತ್ಯೆಯ ನಿಯಮಗಳನ್ನು ಓದುವಾಗ ನನಗೆ ನೆನಪಾಗುವುದು ಇದೇ. ಕೇಂದ್ರ ಸರ್ಕಾರದ ನೌಕರ ವೇತನಶ್ರೇಣಿಯ 14ನೆಯ ಹಂತ ಮುಟ್ಟಿದರೆ ವಿದೇಶ ಪ್ರಯಾಣಕ್ಕೆ ಮೇಲಿನ ದರ್ಜೆ, ಅದಕ್ಕೆ ಒಂದು ಮೆಟ್ಟಿಲು ಕೆಳಗಿದ್ದರೆ ಎಕಾನಮಿ. ಬೆನ್ನುನೋವು ಯಾರಿಗಿದೆ, ವಯಸ್ಸು ಯಾರಿಗೆ ಹೆಚ್ಚು ಎಂದು ಆ ನಿಯಮ ಕೇಳುವುದಿಲ್ಲ. ಅದು ಕೇಳುವುದು ಹುದ್ದೆಯನ್ನು.

ನಡುವೆ ರೈಲು ಬಂತು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ಮೇಲೆಯೇ ಇತ್ತು. ರೈಲು ಟಿಕೆಟನ್ನು ಯಾರು ಬೇಕಾದರೂ ಕೊಳ್ಳಬಹುದು, ಆದ್ದರಿಂದ ಇಲ್ಲಾದರೂ ಮೊದಲ ದರ್ಜೆಯವರು ತಮ್ಮ ಸುಖಕ್ಕೆ ತಾವೇ ಹಣ ತೆತ್ತರು ಎನ್ನಬಹುದೇ? ಹಾಗೆನ್ನುವಂತಿಲ್ಲ. ಬ್ರಿಟಿಷ್ ಭಾರತದ ರೈಲುಗಳಲ್ಲಿ ಪ್ರಯಾಣಿಕರಿಂದ ಬರುತ್ತಿದ್ದ ಹಣದ ಬಹುಪಾಲು ಮೂರನೆಯ ದರ್ಜೆಯ ಡಬ್ಬಿಗಳಿಂದ ಬರುತ್ತಿತ್ತು. ಅಲ್ಲಿ ಕುರಿಗಳಂತೆ ತುಂಬಿಕೊಂಡ ಜನರ ದುಡ್ಡಿನ ಮೇಲೆ ಇಡೀ ರೈಲು ಓಡುತ್ತಿತ್ತು. ಮೆತ್ತೆ ಹಾಕಿದ ಡಬ್ಬಿಗಳು ಎಷ್ಟೋ ಸಲ ಅರ್ಧ ಖಾಲಿ. ಗಾಂಧೀಜಿ 1917ರಲ್ಲಿ ಮೂರನೆಯ ದರ್ಜೆಯ ಸ್ಥಿತಿಯ ಬಗ್ಗೆ ಬರೆದದ್ದರ ಹಿಂದೆ ಈ ಅನ್ಯಾಯದ ಅರಿವಿತ್ತು. ಆ ದರ್ಜೆಯ ಹೆಸರು 1974ರಲ್ಲಿ ಅಳಿಯಿತು. ಯಾದಗಿರಿ ಶಹಾಪುರ ಸುರಪುರದಿಂದ ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಜನರಲ್ ಡಬ್ಬಿಯ ಬಾಗಿಲಲ್ಲಿ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವುದು ಮಾತ್ರ ಅಳಿದಿಲ್ಲ.

ವಿಮಾನದ ಕತೆ ಇದಕ್ಕಿಂತ ಸೂಕ್ಷ್ಮ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ತನ್ನ ಮೊದಲ ಲಂಡನ್ ವಿಮಾನವನ್ನು ಮುಂಬಯಿಯಿಂದ ಹಾರಿಸಿತು. ಅದರ ಹೆಸರು ಮಲಬಾರ್ ಪ್ರಿನ್ಸೆಸ್, ದಾರಿ ಕೈರೋ ಮತ್ತು ಜಿನೀವಾ ಮೂಲಕ. ಟಿಕೆಟ್ ಸುಮಾರು 1,700 ರೂಪಾಯಿ. ಹತ್ತು ಗ್ರಾಂ ಚಿನ್ನ ನೂರು ರೂಪಾಯಿಯೊಳಗೆ ಸಿಗುತ್ತಿದ್ದ ಕಾಲವದು. ಅಂದರೆ ಲಂಡನ್ನಿಗೆ ಒಂದು ಸಲ ಹೋಗುವ ಖರ್ಚಿನಲ್ಲಿ ಒಂದು ಮದುವೆಯ ಒಡವೆಯೆಲ್ಲ ಆಗುತ್ತಿತ್ತು. ಆಗ ವಿಮಾನದಲ್ಲಿ ಕೂತವರು ಯಾರು? ರಾಜಮನೆತನದವರು, ದೊಡ್ಡ ಉದ್ಯಮಿಗಳು, ಸರ್ಕಾರ ಕಳುಹಿಸಿದವರು. 1952ರಲ್ಲಿ ಅಟ್ಲಾಂಟಿಕ್ ದಾರಿಯಲ್ಲಿ ಅಗ್ಗದ ಟೂರಿಸ್ಟ್ ದರ್ಜೆ, 1958ರಲ್ಲಿ ಎಕಾನಮಿ ಬಂದ ಮೇಲೆ ಮಧ್ಯಮ ವರ್ಗಕ್ಕೆ ಆಕಾಶ ಸ್ವಲ್ಪ ತೆರೆಯಿತು. ನಮ್ಮವರಿಗೆ ಅಷ್ಟು ಬೇಗ ತೆರೆಯಲಿಲ್ಲ. ವಿದೇಶಿ ವಿನಿಮಯದ ಬಿಗಿ ಕಾಲದಲ್ಲಿ ಪಿ ಫಾರ್ಮ್ ಬರೆದು, ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪಡೆದು, ಕೈಯಲ್ಲಿ 8 ಡಾಲರ್ ಹಿಡಿದು ಹೋದ ವೈದ್ಯರು, ಎಂಜಿನಿಯರುಗಳಿಗೆ ಹಿಂದಿನ ಸೀಟಿನ ಟಿಕೆಟೇ ಸಾಲದ ಬಾಬತ್ತು.

ನನ್ನ ವಾದಕ್ಕೆ ಬಲವಾದ ಸಾಕ್ಷಿ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಆಗ ರಿಯಾಯಿತಿ ಟಿಕೆಟ್‌ಗಳು ಹೆಚ್ಚಾಗಿ, ಎಕಾನಮಿಯಲ್ಲಿ ಪೂರ್ತಿ ದರ ಕೊಟ್ಟವನೂ ಕಾಲು ದರ ಕೊಟ್ಟವನೂ ಪಕ್ಕಪಕ್ಕದಲ್ಲಿ ಕೂತರು. ಪೂರ್ತಿ ದರ ಕೊಡುತ್ತಿದ್ದವರು ಬಹುತೇಕ ಕಂಪನಿಯ ಕೆಲಸಕ್ಕೆ ಹೊರಟವರು. ಅವರ ಟಿಕೆಟ್ ಕೊನೆಯ ಗಳಿಗೆಯದು, ಬದಲಾಗುವಂಥದು, ಹಣ ಕಚೇರಿಯದು. ಅವರನ್ನು ಕಳೆದುಕೊಳ್ಳಬಾರದೆಂದು ವಿಮಾನ ಸಂಸ್ಥೆಗಳು ಅವರಿಗಾಗಿ ಪರದೆ ಎಳೆದು ಒಂದು ಕೋಣೆ ಮಾಡಿದವು. 1978ರಲ್ಲಿ ಪ್ಯಾನ್ ಆಮ್ ತನ್ನದಕ್ಕೆ ಕ್ಲಿಪ್ಪರ್ ಕ್ಲಾಸ್ ಎಂದಿತು, ಮರುವರ್ಷ ಕ್ವಾಂಟಾಸ್ ಬಿಸಿನೆಸ್ ಕ್ಲಾಸ್ ಎಂದೇ ಕರೆಯಿತು. ಹೆಸರೇ ಹೇಳುತ್ತದೆ: ವ್ಯವಹಾರದ ಲೆಕ್ಕದ ಮೇಲೆ ಹಾರುವವರ ದರ್ಜೆ. ಬೆಂಗಳೂರಿಗೆ ಇದು ನೇರವಾಗಿ ಅನ್ವಯಿಸುತ್ತದೆ. 2001ರಲ್ಲಿ ಲುಫ್ತಾನ್ಸಾ ಫ್ರಾಂಕ್‌ಫರ್ಟಿನಿಂದ, 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ನಿನಿಂದ ಬೆಂಗಳೂರಿಗೆ ಬಂದದ್ದು ಸಾಫ್ಟ್‌ವೇರ್ ಕಂಪನಿಗಳ ಓಡಾಟ ನೋಡಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಿತು. ಸುಮಾರು 17 ಗಂಟೆಯ ಹಾದಿ. ಅದರ 238 ಸೀಟುಗಳಲ್ಲಿ ಮೊದಲ ದರ್ಜೆ 8, ಬಿಸಿನೆಸ್ 35, ಉಳಿದ 195 ಎಕಾನಮಿ. ಇನ್ನು ವಿಪ್ರೊ ಕಟ್ಟಿದ ಅಜೀಂ ಪ್ರೇಮ್‌ಜಿ ಎಕಾನಮಿಯಲ್ಲಿ ಪ್ರಯಾಣ ಮಾಡುತ್ತಿದ್ದದ್ದು ನಾಡಿಗೆ ಗೊತ್ತಿರುವ ಸಂಗತಿ. ಜೇಬಿನ ಆಳವೇ ಸೀಟನ್ನು ನಿರ್ಧರಿಸುವುದಾಗಿದ್ದರೆ ಅವರು ಹಿಂದೆ ಕೂರಬೇಕಿರಲಿಲ್ಲ.

ಇದಕ್ಕೆ ಈಗಿನವರ ಆಕ್ಷೇಪ ನನಗೆ ಗೊತ್ತು. ಪಾಯಿಂಟ್ ಕೂಡಿಸಿ, ಕ್ರೆಡಿಟ್ ಕಾರ್ಡ್ ಉಪಯೋಗಿಸಿ, ಖಾಲಿ ಸೀಟಿಗೆ ಹರಾಜು ಕೂಗಿ ಸಾಮಾನ್ಯರೂ ಮುಂದಿನ ಸೀಟು ಹಿಡಿಯುತ್ತಿದ್ದಾರಲ್ಲ ಎಂದು. ಹಿಡಿಯುತ್ತಿದ್ದಾರೆ, ಜಾಣ್ಮೆಯಿಂದ ಹಿಡಿಯುತ್ತಿದ್ದಾರೆ. ಆದರೆ ಆ ಪಾಯಿಂಟ್‌ಗಳ ಮೂಲ ನೋಡಿ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಅಂಥ ಯೋಜನೆ ತಂದದ್ದು ಪದೇ ಪದೇ ಹಾರುವವರನ್ನು ಕಟ್ಟಿಹಾಕಲು. ಪದೇ ಪದೇ ಹಾರುವವರೆಂದರೆ ಕಚೇರಿಯ ಖರ್ಚಿನಲ್ಲಿ ಹಾರುವವರು. ಟಿಕೆಟ್ ಕಂಪನಿಯದು, ಮೈಲಿ ನೌಕರನದು. ಕಾರ್ಡಿನ ಪಾಯಿಂಟ್‌ಗಳಿಗೆ ಅಂಗಡಿಯವನು ಬ್ಯಾಂಕಿಗೆ ತೆರುವ ಶುಲ್ಕ ಇಂಧನ. ನಗದು ಕೊಟ್ಟು ಬೇಳೆ ಕೊಂಡವನೂ ಸಾಮಾನಿನ ಬೆಲೆಯಲ್ಲಿ ಅದಕ್ಕೆ ತನ್ನ ಪಾಲು ಸೇರಿಸುತ್ತಾನೆ. ತೆರಿಗೆ ಕೂಡ ಇದೇ ಮಾತು ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿಗೆ ಶೇಕಡ 5, ಅದಕ್ಕಿಂತ ಮೇಲಿನ ದರ್ಜೆಗೆ ಶೇಕಡ 18 ಜಿಎಸ್‌ಟಿ. ವ್ಯವಹಾರಕ್ಕೆಂದು ಹಾರಿಸಿದ ಕಂಪನಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ. ಕೂಡಿಟ್ಟ ಹಣದಿಂದ ತಾಯಿಗೆ ಅದೇ ಸೀಟು ಕೊಂಡ ಮಗಳು ಪೂರ್ತಿ ತೆರುತ್ತಾಳೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ರೈಲಿನಲ್ಲಿ ಹಿಂದಿನವರು ಮುಂದಿನವರನ್ನು ಸಾಕಿದರು, ಒಪ್ಪಿದೆ. ವಿಮಾನದಲ್ಲಿ ಮುಂದಿನವರೇ ಹಿಂದಿನವರನ್ನು ಸಾಕುತ್ತಾರಲ್ಲ? ಲೆಕ್ಕ ಈ ಮಾತಿನ ಕಡೆಗಿದೆ. ಕೊರೊನಾಕ್ಕೆ ಮುಂಚಿನ ವರ್ಷಗಳಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರಲ್ಲಿ ಮೇಲ್ದರ್ಜೆಯವರು ಶೇಕಡ 5ರ ಆಸುಪಾಸು, ಅವರಿಂದ ಬರುತ್ತಿದ್ದ ಆದಾಯ ಶೇಕಡ 30ರ ಆಸುಪಾಸು. ಆ ಹಣ ನಿಂತರೆ ಎಷ್ಟೋ ದೂರದ ದಾರಿಗಳೇ ಮುಚ್ಚಿಹೋಗುತ್ತವೆ, ಹಿಂದಿನ ಟಿಕೆಟೂ ಏರುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಯಾರ ಹಣ ಎಂಬುದನ್ನು 2008 ತೋರಿಸಿಕೊಟ್ಟಿತು. ಬರೀ ಬಿಸಿನೆಸ್ ಸೀಟುಗಳನ್ನೇ ಇಟ್ಟುಕೊಂಡು ಅಟ್ಲಾಂಟಿಕ್ ದಾಟುತ್ತಿದ್ದ ಮ್ಯಾಕ್ಸ್‌ಜೆಟ್ 2007ರ ಡಿಸೆಂಬರಿನಲ್ಲಿ, ಇಯಾಸ್ 2008ರ ಏಪ್ರಿಲಿನಲ್ಲಿ, ಸಿಲ್ವರ್‌ಜೆಟ್ ಮೇ ತಿಂಗಳಲ್ಲಿ ನಿಂತವು. ತೈಲದ ಬೆಲೆ ಏರಿತ್ತು, ಕಂಪನಿಗಳು ಖರ್ಚಿಗೆ ಕತ್ತರಿ ಹಾಕತೊಡಗಿದ್ದವು. ಆ ಸೀಟುಗಳಿಗೆ ಸ್ವಂತ ಜೇಬಿನ ಗಿರಾಕಿಗಳು ಸಾಕಷ್ಟು ಇದ್ದಿದ್ದರೆ ಮೂರೂ ಅಷ್ಟು ಬೇಗ ಬೀಳುತ್ತಿರಲಿಲ್ಲ. ಕಂಪನಿಯ ಲೆಕ್ಕವೆಂದರೂ ಅದು ಆಕಾಶದಿಂದ ಉದುರಿದ್ದಲ್ಲ. ಗ್ರಾಹಕನ ಬಿಲ್ಲಿನಲ್ಲಿ, ಷೇರುದಾರನ ಪಾಲಿನಲ್ಲಿ, ಎಲ್ಲೋ ಕೂತು ದುಡಿದವರ ಬೆವರಿನಲ್ಲಿ ಅದರ ಕೆರೆ ಇದೆ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಮಾತು. ಮಲಗಿ ಹೋಗುವುದು ಆಡಂಬರವಲ್ಲ, ದೇಹದ ಅಗತ್ಯ ಎನ್ನುತ್ತಾರೆ. ಸತ್ಯ. ಹದಿನೇಳು ಗಂಟೆ ಕಾಲು ಮಡಚಿ ಕೂತರೆ ಪಾದ ಊದುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ಕನ್ನಡದಲ್ಲಿ ಅಮೆರಿಕ ಪ್ರವಾಸದ ಹೆಸರಾದ ಪುಸ್ತಕಗಳು ಹಿರಿಯರವು: ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’. ಇಂದಿಗೂ ಬಾಣಂತನಕ್ಕೆಂದು, ಮೊಮ್ಮಗುವನ್ನು ನೋಡಲೆಂದು ಬೆಂಗಳೂರಿನಿಂದ ಹಾರುವ ತಾಯಂದಿರಿಗೆ ಗಾಲಿಕುರ್ಚಿಯ ಸಹಾಯ ಸಿಗುತ್ತದೆ, ಅದು ಬಾಗಿಲ ತನಕ. ಒಳಗೆ ಹೋದ ಮೇಲೆ ಅವರು ಹಿಂದಿನ ಸಾಲಿನ ನಡುವಿನ ಸೀಟಿನಲ್ಲಿ; ಮುಂದೆ ಮಲಗುವವರು ಮೂವತ್ತರ ಗಟ್ಟಿ ಮೊಣಕಾಲಿನವರು. ಹಳೆಯ ಪಲ್ಲಕ್ಕಿಯ ಲೋಕ ಎಷ್ಟೇ ಕ್ರೂರವಾಗಿದ್ದರೂ ರೋಗಿಗೆ ಡೋಲಿ ಎಂಬ ಒಂದು ತಿಳಿವಳಿಕೆ ಅದರಲ್ಲಿ ಉಳಿದಿತ್ತು. ನಮ್ಮ ಕಾಲ ಭೋಯಿಯ ಹೆಗಲನ್ನು ಬಿಡುಗಡೆ ಮಾಡಿದೆ. ರೋಗಿಯ ಡೋಲಿಯನ್ನು ಮರೆತಿದೆ.

ರೋಗಿಯ ಪ್ರಯಾಣವೆಂದಾಗ ಮತ್ತೆ ಟೇಲರ್ ನೆನಪಾಗುತ್ತಾನೆ. 1860ರಲ್ಲಿ ಭಾರತ ಬಿಟ್ಟಿದ್ದ ಅವನು ಇನ್ನೊಮ್ಮೆ ಈ ಸೀಮೆಯತ್ತ ಬಂದ. 1875ರಲ್ಲಿ ಅವನ ಕಣ್ಣು ಹೋಗುತ್ತಿತ್ತು, ಚಳಿಗಾಲವನ್ನು ಬೆಚ್ಚನೆಯ ದೇಶದಲ್ಲಿ ಕಳೆಯಬೇಕೆಂಬ ಸಲಹೆ ಸಿಕ್ಕಿತ್ತು. ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಅವನಿಗೆ ಆತಿಥ್ಯ ಕೊಟ್ಟ. ಆ ಹೊತ್ತಿಗೆ ಸೂಯೆಜ್ ಕಾಲುವೆ ತೆರೆದು ಆರು ವರ್ಷ, ವಾಡಿಯಿಂದ ಹೈದರಾಬಾದಿಗೆ ರೈಲು ಬಂದು ಒಂದು ವರ್ಷ. ಈ ಸಲ ಅವನಿಗೆ ಹುದ್ದೆ ಇರಲಿಲ್ಲ, ಆಳಲು ಸಂಸ್ಥಾನ ಇರಲಿಲ್ಲ; ಕಾಣದ ಕಣ್ಣು, ಅರವತ್ತೇಳು ವರ್ಷದ ಮೈ ಇತ್ತು. ಜ್ವರ ಹಿಡಿದು, ಯುರೋಪಿಗೆ ಮರಳುವಾಗ, 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ. ಅವನು ಸುಧಾರಿಸಿದ ಬೋನಾಳದ ಕೆರೆ ಉಳಿಯಿತು, ಅದರ ಕೆಳಗಿನ ಗದ್ದೆಗಳೂ ಉಳಿದವು.