ಧ್ವನಿಯ ಠೇವಣಿ

ದೆಹಲಿಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಪುಸ್ತಕಗಳಿಗೆ ಕಪಾಟಿದೆ, ಭಾವಚಿತ್ರಗಳಿಗೆ ಗೋಡೆಯಿದೆ. ಅಜ್ಜಿಯ ಸೋಬಾನೆ ಹಾಡನ್ನು ಹಿಡಿದಿಟ್ಟ ಕ್ಯಾಸೆಟ್ಟಿಗೆ ಮಾತ್ರ ಅಟ್ಟವೇ ಗತಿ. ಇಂತಹ ಧ್ವನಿಗಳನ್ನು ಕಾಪಿಡುವ ದೊಡ್ಡ ಭಂಡಾರವೊಂದು ನೆರೆಯ ಗುರುಗ್ರಾಮದಲ್ಲಿಯೇ ಇರುವುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು ಸಂಗೀತದ ಈ ಧ್ವನಿಭಂಡಾರವನ್ನು 1982ರಲ್ಲಿ ಸ್ಥಾಪಿಸಿತು. ವಿದೇಶದ ವಿದ್ವಾಂಸರು ಇಲ್ಲಿ ಧ್ವನಿಮುದ್ರಿಸಿಕೊಂಡದ್ದು ಅವರವರ ದೇಶಗಳನ್ನು ಸೇರುತ್ತಿತ್ತು. ಹಾಡಿದವರು ತಮ್ಮ ಹಾಡನ್ನು ಕೇಳಬೇಕಾದರೆ ಸಮುದ್ರ ದಾಟಬೇಕು! ಪ್ರತಿಗಳಾದರೂ ಭಾರತದಲ್ಲಿರಲೆಂದು ಈ ಏರ್ಪಾಡು. ಇದಕ್ಕೆ ಮುಂದಾಳಾದವರು ನಜೀರ್ ಜೈರಾಜ್‌ಭಾಯ್.

ಅವರ ಗುರು ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ. ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಬಾಕೆಯವರು 1938ರಲ್ಲಿ ಸಂಚರಿಸಿ ಹಾಡು ಕುಣಿತಗಳನ್ನು ದಾಖಲಿಸಿದರು. ಆಗ ಇಂದಿನ ಟೇಪ್‌ರೆಕಾರ್ಡರು ಎಲ್ಲಿಯದು? ಫಿಲ್ಮಿನ ಪಟ್ಟಿಯ ಮೇಲೆ ಮುಳ್ಳಿನಿಂದ ಗೀರು ಕೊರೆಯುವ ಟೆಫಿ ಯಂತ್ರವನ್ನೇ ಹೊತ್ತು ತಿರುಗಿದರು. ತೆಗೆದ ಚಲನಚಿತ್ರವೂ ಮೂಕಿಯೇ. ಅವರು 1963ರಲ್ಲಿ ತೀರಿಕೊಂಡರು. 1984ರಲ್ಲಿ ಜೈರಾಜ್‌ಭಾಯ್ ಅವರು ಎಮಿ ಕ್ಯಾಟ್ಲಿನ್ ಅವರೊಡನೆ ಗುರುಗಳ ಜಾಡು ಹಿಡಿದು ಹೊರಟರು. ಹಳೆಯ ಹಾಡುಗಳನ್ನು ಕಲಾವಿದರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಕೇಳಿಸಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿದರು. ನಲವತ್ತಾರು ವರ್ಷಗಳ ಮೇಲೆ ಇದು ಸಾಧ್ಯವಾದುದು ಬರಿಯ ಧ್ವನಿಯಿಂದಲ್ಲ. ಎಲ್ಲಿ, ಯಾವಾಗ, ಯಾರ ಹಾಡು ಎಂಬುದರ ಬರಹವೂ ಜೊತೆಗಿತ್ತು.

ಗುರುಗ್ರಾಮದ ಭಂಡಾರದ ಇನ್ನೊಂದು ಕ್ರಮ ಬ್ಯಾಂಕಿನಲ್ಲಿ ದುಡಿಯುವ ನಮಗೆ ಬಹಳ ಹಿಡಿಸಿತು. ಅಲ್ಲಿ ಸಂಗ್ರಹವನ್ನು ಕೊಡುವುದೆಂದರೆ ಠೇವಣಿ ಇಟ್ಟಂತೆ. ಹಕ್ಕು ಕೊಟ್ಟವರದೇ, ಬಂದವರು ಕುಳಿತು ಕೇಳಬಹುದು, ಅಪ್ಪಣೆಯಿಲ್ಲದೆ ಪ್ರತಿ ಒಯ್ಯುವಂತಿಲ್ಲ.

ಸಂಘವೂ ಮನೆಮನೆಯ ಕ್ಯಾಸೆಟ್ಟುಗಳನ್ನು ಕೂಡಿಸಿ ಅಂತರ್ಜಾಲದಲ್ಲಿ ಇಡಬಾರದೇಕೆ ಎಂದು ನಮ್ಮಲ್ಲಿ ಕೆಲವರು ಕೇಳುತ್ತಿದ್ದೇವೆ. ಜಾಗಕ್ಕೆ ಈಗ ಹೆಚ್ಚು ಹಣ ಬೇಡ. ಆದರೆ ಅಂತರ್ಜಾಲದಲ್ಲಿ ಈಗಾಗಲೇ ತುಂಬಿರುವ ಎಷ್ಟೋ ಹಾಡುಗಳಿಗೆ ‘ಜಾನಪದ ಗೀತೆ’ ಎಂಬ ಹಣೆಪಟ್ಟಿಯೊಂದೇ ಇದೆ; ಊರಿಲ್ಲ, ಹೆಸರಿಲ್ಲ. ಅಂತಹ ರಾಶಿಗೆ ನಮ್ಮದನ್ನೂ ಸುರಿಯುವುದು ನಮಗೆ ಸಮ್ಮತವಿಲ್ಲ. ಹಾಡಿದವರ ಒಪ್ಪಿಗೆ, ಅವರಿಲ್ಲದಿದ್ದರೆ ಮನೆಯವರ ಒಪ್ಪಿಗೆ ಬೇಕು. ಮದುವೆಯ ಹಾಡೋ, ಬೀಸುವ ಹಾಡೋ, ಯಾವ ಸೀಮೆಯದು, ಯಾವ ವರ್ಷದ್ದು ಎಂಬುದೂ ಬೇಕು. ಟೇಪು ತೇವಕ್ಕೆ ಬೂಷ್ಟು ಹಿಡಿಯುವ ವಸ್ತು; ಅದನ್ನು ಮೊದಲು ಇಳಿಸಿಕೊಳ್ಳಬೇಕು. ಮುಖ್ಯ ಹಾಡುಗಾರ್ತಿ ಯಾರು, ಸೊಲ್ಲು ಹಿಡಿದವರು ಯಾರು ಎಂದು ದನಿ ಕೇಳಿದೊಡನೆ ಗುರುತಿಸಬಲ್ಲ ಅತ್ತೆಯಂದಿರು, ದೊಡ್ಡಮ್ಮಂದಿರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ.