ಸ್ಪರ್ಧಾ ರೋಬಾಟುಗಳಲ್ಲಿ ವೋಲ್ಟೇಜಿನ ಕುಸಿತ: ಒಂದು ಐತಿಹಾಸಿಕ ವಿವೇಚನೆ

ವಿದ್ಯುತ್ತಿನ ಚರಿತ್ರೆಯನ್ನು ಬರೆದವರು ಶೋಧನೆಗಳನ್ನು ಎಣಿಸಿದಷ್ಟು ಅವುಗಳ ಮಿತಿಗಳನ್ನು ಎಣಿಸಿಲ್ಲ. ಸ್ಪರ್ಧೆಯ ನಡುವೆ ರೋಬಾಟಿನ ಬ್ಯಾಟರಿಯ ವೋಲ್ಟೇಜು ಒಮ್ಮೆಲೇ ಕುಸಿಯುವುದು ಇಂತಹ ಒಂದು ಮಿತಿಯ ಫಲ. ಇದನ್ನು ಅರಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ವೋಲ್ಟನು ತನ್ನ ವಿದ್ಯುತ್ ಸ್ತಂಭವನ್ನು ಪ್ರಕಟಪಡಿಸಿದ್ದು 1800ರಲ್ಲಿ. ಕಲೋನಿನ ಶಾಲಾ ಉಪಾಧ್ಯಾಯನಾಗಿದ್ದ ಗೆಯೋರ್ಗ್ ಓಮ್ 1825ರಲ್ಲಿ ಅಂತಹ ಕೋಶಗಳಿಂದ ಪ್ರಯೋಗ ನಡೆಸಿದಾಗ, ಅವುಗಳ ಬಲ ಸ್ಥಿರವಾಗಿ ನಿಲ್ಲದ ಕಾರಣ ಸರಿಯಾದ ಸೂತ್ರ ದೊರೆಯಲಿಲ್ಲ. ಬಳಿಕ ಪೊಗೆನ್‌ಡಾರ್ಫನ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರಗಳ ಉಷ್ಣವಿದ್ಯುತ್ ಜೋಡಿಯನ್ನು ಬಳಸಿದನು. ಅದರ ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. 1826ರ ಸೂತ್ರದಲ್ಲಿ ಪರೀಕ್ಷಿಸಿದ ತಂತಿಯ ರೋಧದೊಂದಿಗೆ ಮಂಡಲದ ಉಳಿದ ಭಾಗದ ರೋಧಕ್ಕೂ ಪ್ರತ್ಯೇಕ ಸ್ಥಾನವಿತ್ತು. ವಿದ್ಯುತ್ತಿನ ಆಕರವೂ ತನ್ನೊಳಗೆ ಪ್ರವಾಹವನ್ನು ತಡೆಯುತ್ತದೆಂಬ ವಿಚಾರಕ್ಕೆ ಇದೇ ಗಣಿತದ ತಳಹದಿ.

1859ರಲ್ಲಿ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಈ ಒಳರೋಧ ತೀರ ಕಡಿಮೆ, ಆದರೆ ಶೂನ್ಯವಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ 1992ರಲ್ಲಿ ಆರಂಭವಾದ ಫಸ್ಟ್ ರೋಬಾಟಿಕ್ಸ್ ಸ್ಪರ್ಧೆಯ ಯಂತ್ರಗಳಿಗೂ ಇದೇ ಜಾತಿಯ 12 ವೋಲ್ಟಿನ ಬ್ಯಾಟರಿಯೇ ಆಧಾರವಾಯಿತು. ಬ್ಯಾಟರಿ ಮತ್ತು ತಂತಿಗಳ ಒಟ್ಟು ರೋಧ 0.02 ಓಮ್ ಎಂದಿಟ್ಟುಕೊಳ್ಳೋಣ. 320 ಆಂಪಿಯರ್ ಸೆಳೆದರೆ 6.4 ವೋಲ್ಟು ಅಲ್ಲಿಯೇ ವ್ಯಯವಾಗಿ, 12.5 ವೋಲ್ಟಿದ್ದುದು 6.1ಕ್ಕೆ ಇಳಿಯುವುದು. ನಾಲ್ಕು ದೊಡ್ಡ ಮೋಟಾರುಗಳು ಏಕಕಾಲಕ್ಕೆ ತಡೆಗೊಂಡರೆ ಇಷ್ಟು ಸೆಳೆತ ಕ್ಷಣಮಾತ್ರದಲ್ಲಿ ಒದಗುತ್ತದೆ. 2015ರಲ್ಲಿ ಬಳಕೆಗೆ ಬಂದ ರೋಬೋರಿಯೊ ನಿಯಂತ್ರಕವು 6.3 ವೋಲ್ಟಿಗಿಂತ ಕೆಳಗಿಳಿದೊಡನೆ ಮೋಟಾರುಗಳನ್ನು ನಿಲ್ಲಿಸಿ ತನ್ನನ್ನು ರಕ್ಷಿಸಿಕೊಳ್ಳುವಂತೆ ರಚಿತವಾಗಿತ್ತು. ಸುಮಾರು ಎರಡೂವರೆ ನಿಮಿಷದ ಪಂದ್ಯದಲ್ಲಿ ಇಂತಹ ಸ್ತಬ್ಧತೆಯಿಂದ ವಾರಗಟ್ಟಲೆಯ ಪರಿಶ್ರಮ ವ್ಯರ್ಥವಾಗಬಹುದು.

ಪರಿಹಾರಗಳು ಎರಡು ಬಗೆಯವು. ದಪ್ಪ ತಂತಿ, ಬಿಗಿಯಾದ ಜೋಡಣೆ, ಒಳರೋಧ ಹೆಚ್ಚಿದ ಹಳೆಯ ಬ್ಯಾಟರಿಗಳನ್ನು ಅಳೆದು ಬದಿಗಿಡುವುದು, ಇವು ರೋಧವನ್ನು ತಗ್ಗಿಸುವ ಕ್ರಮಗಳು. ಪ್ರತಿ ಮೋಟಾರಿನ ಪ್ರವಾಹಕ್ಕೆ ಮಿತಿ ವಿಧಿಸುವುದು, ವೇಗವನ್ನು ಕ್ರಮೇಣ ಏರಿಸುವುದು, ತಕ್ಕ ಗೇರನ್ನು ಆರಿಸುವುದು, ಓಟದ ಭರದಲ್ಲಿ ಗಾಳಿಯ ಕಂಪ್ರೆಸರನ್ನು ತಡೆಹಿಡಿಯುವುದು ಬೇಡಿಕೆಯನ್ನು ಆಳುವ ಕ್ರಮಗಳು. ಎರಡನೆಯವುಗಳಿಂದ ಯಂತ್ರದ ಬಿರುಸು ತುಸು ತಗ್ಗುವುದು ನಿಜ. ಆದರೆ ಅದು ಪಂದ್ಯದ ಕೊನೆಯವರೆಗೆ ನಡೆಯುತ್ತದೆ.

ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿಯೂ ಈ ಕುಸಿತ ತೋರುವುದರಿಂದ, ಬ್ಯಾಟರಿಯ ಶಕ್ತಿ ತೀರಿತೆಂದು ದೂಷಿಸುವುದು ಅವಿಚಾರ. ಅಳೆಯದೆ ನಿರ್ಣಯಿಸುವ ವಿದ್ಯಾರ್ಥಿಯು 1825ರಲ್ಲಿಯೇ ನಿಂತಿರುತ್ತಾನೆ. ತಂತ್ರವಿದ್ಯೆಯ ಚರಿತ್ರೆಯಲ್ಲಿ ಬಲದ ವೃದ್ಧಿಗೆ ಇರುವಷ್ಟೇ ಸ್ಥಾನ ಮಿತಿಯ ಅಳತೆಗೂ ಸಲ್ಲಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.